ನಿಮಗಿದು ಗೊತ್ತೆ? ಕಂಟ್ರೋಲ್ ಕೀ ಕೆಲಸಕ್ಕೆ ಸೆಂಟ್ ಚಿಹ್ನೆ!

ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಲು ಯೂನಿಕ್ಸ್ ಬಳಕೆದಾರರು ಕಂಟ್ರೋಲ್ ಕೀ ಜೊತೆ ‘ಸಿ’ ಒತ್ತುತ್ತಾರೆ. ಐಬಿಎಂ 1971ರಲ್ಲಿ ಹೊರತಂದ 3270 ಮಾದರಿಯ ಮೇನ್‌ಫ್ರೇಮ್ ಟರ್ಮಿನಲ್‌ಗಳಲ್ಲಿ ಇದಕ್ಕೆ ದಾರಿಯಿರಲಿಲ್ಲ. ಒತ್ತಿದ ಅಕ್ಷರ ಅವುಗಳಲ್ಲಿ ಕೂಡಲೇ ಕಂಪ್ಯೂಟರ್‌ಗೆ ಹೋಗುವುದಿಲ್ಲ. ಎಂಟರ್ ಒತ್ತಿದಾಗಲೇ ಟೈಪಿಸಿದ್ದೆಲ್ಲ ಒಟ್ಟಿಗೆ ರವಾನೆಯಾಗುತ್ತದೆ.

1990ರ ದಶಕದಲ್ಲಿ ಐಬಿಎಂ ತನ್ನ ಮೇನ್‌ಫ್ರೇಮ್‌ಗೆ ಯೂನಿಕ್ಸ್ ಸೌಲಭ್ಯ ತಂದಾಗ ಈ ತೊಡಕಿಗೊಂದು ಉಪಾಯ ಹುಡುಕಿತು.

● ಈ ಸೌಲಭ್ಯದಲ್ಲಿ ಕಮಾಂಡ್ ಟೈಪಿಸುವ ಒಎಂವಿಎಸ್ ಶೆಲ್‌ನಲ್ಲಿ ಅಕ್ಷರಕ್ಕೆ ಮೊದಲು ಸೆಂಟ್ ಚಿಹ್ನೆ (¢) ಹಾಕಿದರೆ ಅದು ಕಂಟ್ರೋಲ್ ಕೀ ಎಂದೇ ಲೆಕ್ಕ. ‘¢ಸಿ’ ಅಂದರೆ ಪ್ರೋಗ್ರಾಂ ನಿಲ್ಲಿಸು. ‘¢ಡಿ’ ಅಂದರೆ ಇನ್‌ಪುಟ್ ಮುಗಿಯಿತು.

● ಸೆಂಟ್ ಚಿಹ್ನೆ ಮೇನ್‌ಫ್ರೇಮ್‌ನ ಎಬ್ಸಿಡಿಕ್ ಸಂಕೇತ ಪಟ್ಟಿಯಲ್ಲಿದೆ, ಆಸ್ಕಿ ಪಟ್ಟಿಯಲ್ಲಿಲ್ಲ. ಇಂದಿನ ಸಾಮಾನ್ಯ ಪಿಸಿ ಕೀಬೋರ್ಡ್‌ನಲ್ಲಿ ಅದಕ್ಕೆ ಕೀಲಿಯೂ ಇಲ್ಲ.

● ಹಾಗಾಗಿ ಬೇರೆ ಚಿಹ್ನೆ ಆರಿಸಿಕೊಳ್ಳುವ ಅವಕಾಶವಿದೆ. ಶೆಲ್ ಶುರುಮಾಡುವಾಗ ಒಎಂವಿಎಸ್ ಕಮಾಂಡ್‌ನ ‘ಎಸ್ಕೇಪ್’ ಆಯ್ಕೆಯಲ್ಲಿ ಅದನ್ನು ನಮೂದಿಸಿದರಾಯಿತು.

● ಕಮಾಂಡ್‌ಗಳಲ್ಲಿ ಪದೇ ಪದೇ ಬಳಕೆಯಾಗುವ ಚಿಹ್ನೆಯನ್ನು ಮಾತ್ರ ಆರಿಸಬೇಡಿ; ಗೊಂದಲ ಖಚಿತ!