ಪರದೇಶದ ಗೆಳತಿಯೂ ನಮ್ಮೂರ ಬಾಣಂತಿಯೂ

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ದಾದಿಯರ ವೃತ್ತಿಯನ್ನು ಹಿಡಿದವರುಂಟು; ಹಿಡಿಯಬೇಕೆಂದಿರುವವರೂ ಉಂಟು. ಇವರಲ್ಲಿ ಪ್ರಸೂತಿ ಶುಶ್ರೂಷೆಯನ್ನು ಕಲಿಯುವವರು ಅನ್ಯದೇಶಗಳ ವಿದ್ಯಾರ್ಥಿನಿಯರೊಡನೆ ಅಂತರ್ಜಾಲದ ಮೂಲಕ ಮುಖ ನೋಡಿ ಮಾತನಾಡುವುದು ಈಗ ಸಾಧ್ಯವಾಗಿದೆ. ಇದನ್ನು ಹೊತ್ತುಗಳೆಯುವ ಹರಟೆಯೆಂದು ತಂದೆತಾಯಿಗಳು ಎಣಿಸಬಾರದು. ಇದರ ಪ್ರಯೋಜನವೇನೆಂಬುದನ್ನು ಇಲ್ಲಿ ವಿವರಿಸುವೆವು.

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಬಾಣಂತಿಗೆ ಎಣ್ಣೆನೀರೆರೆದು ಸಾಂಬ್ರಾಣಿ ಹೊಗೆ ಹಾಕಿ ತಲೆಗೆ ಬಟ್ಟೆ ಕಟ್ಟುವುದು ನಮ್ಮ ಸೀಮೆಯ ರೂಢಿ. ಇವೆಲ್ಲ ನಮ್ಮಲ್ಲಿ ಮಾತ್ರ ಇರುವ ಹಳೆಯ ಕಂದಾಚಾರವೆಂದು ದೊಡ್ಡಬಳ್ಳಾಪುರದ ವಿದ್ಯಾರ್ಥಿನಿಯೊಬ್ಬಳು ನಾಚಬಹುದು. ಆದರೆ ಜಪಾನಿನಲ್ಲಿಯೂ ಅನೇಕ ಹೆಂಗಸರು ಹೆರಿಗೆಗೆ ತವರಿಗೆ ಹೋಗುವರು. ಅದಕ್ಕೆ ಅಲ್ಲಿ ‘ಸಾತೋಗಾಯೆರಿ’ ಎಂಬ ಹೆಸರೇ ಉಂಟು. ಚೀನದ ಬಾಣಂತಿ ಒಂದು ತಿಂಗಳು ತಣ್ಣೀರು ಮುಟ್ಟದೆ ಬೆಚ್ಚಗಿರುವಳು. ಹಾಲೆಂಡಿನಲ್ಲಿ ತರಬೇತು ಪಡೆದ ಆರೈಕೆಗಾರ್ತಿಯೊಬ್ಬಳು ಹೆರಿಗೆಯಾದ ಮೇಲೆ ಕೆಲವು ದಿನ ಮನೆಗೇ ಬಂದು ತಾಯಿಮಕ್ಕಳನ್ನು ನೋಡಿಕೊಳ್ಳುವಳು. ಇವನ್ನು ಗೆಳತಿಯರ ಬಾಯಿಂದ ಕೇಳಿದವಳಿಗೆ, ಬಾಣಂತಿಗೆ ವಿಶ್ರಾಂತಿಯೂ ಆಸರೆಯೂ ಬೇಕೆಂಬುದನ್ನು ಎಲ್ಲ ಜನರೂ ತಮ್ಮ ತಮ್ಮ ಹಾದಿಯಲ್ಲಿ ಅರಿತಿರುವರೆಂದು ಮನದಟ್ಟಾಗುವುದು.

ಹಾಗೆಂದು ಎಲ್ಲ ರೂಢಿಗಳೂ ಹಿತವಲ್ಲ. ಹೆತ್ತೊಡನೆ ಬರುವ ಹಳದಿ ಹಾಲನ್ನು ಚೆಲ್ಲಿ, ಮಗುವಿಗೆ ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ಪದ್ಧತಿ ನಮ್ಮಲ್ಲಿಯೂ ಇತರ ದೇಶಗಳಲ್ಲಿಯೂ ಕಂಡುಬಂದಿದೆ. ರೋಗವನ್ನು ತಡೆಯುವ ಶಕ್ತಿ ಆ ಮೊದಲ ಹಾಲಿನಲ್ಲಿಯೇ ಇರುವುದರಿಂದ, ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಜನರ ಸಂಸ್ಕೃತಿಯನ್ನು ಗೌರವಿಸುತ್ತಲೇ ಅದರೊಳಗಿನ ಕೇಡನ್ನು ತೊಲಗಿಸಬೇಕೆಂಬುದು ಸೂಲಗಿತ್ತಿಯರ ಅಂತರರಾಷ್ಟ್ರೀಯ ಒಕ್ಕೂಟದ ನೀತಿ. ಭಾರತ ಸರ್ಕಾರವು 2018ರಲ್ಲಿ ಗೊತ್ತುಮಾಡಿದ ಪ್ರಸೂತಿ ಶುಶ್ರೂಷಕಿಯರ 18 ತಿಂಗಳ ಶಿಕ್ಷಣಕ್ಕೂ ಆ ಒಕ್ಕೂಟದ ಮಾನದಂಡಗಳೇ ಆಧಾರ.

ಈ ವಿವೇಕವು ನಮ್ಮ ಜಿಲ್ಲೆಗೆ ಅತ್ಯಗತ್ಯ. ದೊಡ್ಡಬಳ್ಳಾಪುರ, ದಾಬಸ್‌ಪೇಟೆಗಳ ಕಾರ್ಖಾನೆಗಳಿಗೆ ಒಡಿಶಾ, ಬಿಹಾರಗಳಿಂದ ಕುಟುಂಬಗಳು ಬಂದಿವೆ. ಅಂಥ ಹೆಣ್ಣುಮಗಳಿಗೆ ತವರು ನೂರಾರು ಹರದಾರಿ ದೂರ. ನಮ್ಮ ನುಡಿಯೂ ಬಾರದು. ಅವಳ ರೂಢಿಯನ್ನು ಕಂಡು ದಾದಿಯು ನಕ್ಕರೆ, ಮರುಸಲ ನೋವು ಬಂದಾಗ ಅವಳು ಆಸ್ಪತ್ರೆಗೆ ಬರಲು ಹಿಂಜರಿಯಬಹುದು. ಆ ತಡದಲ್ಲಿ ಎರಡು ಜೀವಗಳು ಅಪಾಯಕ್ಕೊಳಗಾಗುವುವು. “ನಿಮ್ಮ ಊರಿನಲ್ಲಿ ಬಾಣಂತಿಗೆ ಏನು ಮಾಡುವಿರಮ್ಮ?” ಎಂದು ಮೊದಲು ಕೇಳಿದ ದಾದಿಯ ಮಾತನ್ನಾದರೋ ಅವಳು ನಂಬುವಳು. ಪರದೇಶದ ಗೆಳತಿಯೊಡನೆ ಕೇಳಿ ಅಭ್ಯಾಸವಾದ ಪ್ರಶ್ನೆಯೇ ಇಲ್ಲಿ ಕೆಲಸಕ್ಕೆ ಬರುವುದು.

ಇದು ಹೊಸ ಪಾಠವೇನೂ ಅಲ್ಲ. ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ. ಅಜ್ಜಿಯಿಂದ ಹೆರಿಗೆಯ ಕೆಲಸವನ್ನು ಕಲಿತರು; ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಗರ್ಭಿಣಿಯರ ಮದ್ದುಗಳನ್ನು ಅರಿತರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ಗತಿಸಿದರು.

ಇಂಥ ಸಂಭಾಷಣೆಯಲ್ಲಿ ಎರಡು ನಿಯಮಗಳನ್ನು ಪಾಲಿಸತಕ್ಕದ್ದು. ಯಾವ ತಾಯಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಹೊರಗೆಡಹಬಾರದು. ಗೆಳತಿಯಿಂದ ಕೇಳಿದ ಔಷಧೋಪಚಾರವನ್ನು ಗುರುಗಳ ಅಪ್ಪಣೆಯಿಲ್ಲದೆ ಪ್ರಯೋಗಿಸಬಾರದು. ತಂದೆತಾಯಿಗಳೇ, ಅಲ್ಲಿಯವರು ಕೇಳಿದ ಪ್ರಶ್ನೆಯನ್ನು ಹೊತ್ತು ಮಗಳು ಅಜ್ಜಿಯ ಬಳಿಗೆ ಬಂದಾಗ ಗದರಿಸದಿರಿ. ಕೂರಿಸಿಕೊಂಡು ತಿಳಿಸಿ ಹೇಳಿರಿ.