ಒಂದು ಚಮಚ ಗಾಳಿಗೆ ಕಿವಿಗೊಡುವ ಯಂತ್ರ

ಒಂದು ಟೀ ಚಮಚದಲ್ಲಿ ಹಿಡಿಸುವಷ್ಟು ಗಾಳಿ! ದಿನ ತುಂಬುವ ಮೊದಲೇ ಹುಟ್ಟಿದ, ಒಂದು ಕಿಲೋ ತೂಗುವ ಕೂಸು ಒಂದು ಸಲ ಉಸಿರೆಳೆದರೆ ಒಳಹೋಗುವುದು ಅಷ್ಟೇ, ಸುಮಾರು 5 ಮಿಲಿಲೀಟರ್. ಅದೂ ನಿಮಿಷಕ್ಕೆ 40ರಿಂದ 60 ಸಲ. ಒಂದು ಎಳೆತ ಮುಗಿಯಲು ಸೆಕೆಂಡಿನ ಮೂರನೇ ಒಂದು ಪಾಲು ಸಾಕು. ಅಷ್ಟರಲ್ಲೇ ವೆಂಟಿಲೇಟರ್ 'ಓ, ಮಗು ಉಸಿರು ಕೇಳುತ್ತಿದೆ' ಎಂದು ಗುರುತಿಸಬೇಕು, ಗಾಳಿ ಕೊಡಬೇಕು, ಹೊತ್ತಿಗೆ ಸರಿಯಾಗಿ ನಿಲ್ಲಿಸಲೂಬೇಕು.

ಹಿಂದಿನ ಯಂತ್ರಗಳಿಗೆ ಈ ಗೊಡವೆಯೇ ಇರಲಿಲ್ಲ. ಗಡಿಯಾರ ಹಿಡಿದು ತಮ್ಮ ಪಾಡಿಗೆ ಊದುತ್ತಿದ್ದವು. ಮಗು ಉಸಿರು ಬಿಡುವಾಗಲೇ ಯಂತ್ರ ಒಳಗೆ ತಳ್ಳಿದರೆ? ಜಗಳವೇ! ಆಮೇಲೆ ಹೊಟ್ಟೆಯ ಮೇಲೆ ಪುಟ್ಟ ಗಾಳಿಗುಳಿಗೆ ಅಂಟಿಸಿ, ಹೊಟ್ಟೆ ಉಬ್ಬಿದಾಗ ಊದುವ ಉಪಾಯ ಬಂತು. ಅದರ ಜೊತೆಗೇ ಮಗುವಿಗೆ ಗಾಳಿ ಒಯ್ಯುವ ಕೊಳವೆಯ ಬಾಯಲ್ಲಿ ಕೂದಲೆಳೆಯಂಥ ಬಿಸಿ ತಂತಿಯೂ ಬಂತು. ಗಾಳಿ ಸೋಕಿದರೆ ತಂತಿ ತಣಿಯುತ್ತದೆ, ತಣಿದಷ್ಟು ಲೆಕ್ಕ. ಇಂದಿಗೂ ಎಷ್ಟೋ ಎಳೆಗೂಸುಗಳ ತೀವ್ರ ನಿಗಾ ಘಟಕಗಳಲ್ಲಿ ನಡೆಯುವುದು ಈ ತಂತಿಯ ಲೆಕ್ಕವೇ. ಆದರೆ ಕೊಳವೆಯಲ್ಲಿ ನಿಂತ ನೀರಹನಿ ಕುಲುಕಾಡಿದರೂ ಸಾಕು, ಯಂತ್ರ ಅದನ್ನೇ ಉಸಿರೆಂದು ನಂಬಿ ಊದಿಬಿಡುತ್ತದೆ.

ಹಾಗಾದರೆ ಗಾಳಿಯನ್ನು ಕಾಯುವುದೇಕೆ? ಮಿದುಳಿನ ಅಪ್ಪಣೆಯನ್ನೇ ಕದ್ದು ಕೇಳಿದರೆ? ಕ್ರಿಸ್ಟರ್ ಸಿಂಡರ್‌ಬಿ ಮತ್ತು ಸಂಗಡಿಗರು 1999ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಜಗತ್ತಿನ ಮುಂದಿಟ್ಟ ದಾರಿ ಇದು. ಮಿದುಳು ಉಸಿರೆಳೆಯಲು ಹೇಳಿದೊಡನೆ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯುವಿನಲ್ಲಿ ವಿದ್ಯುತ್ ಮಿಡಿಯುತ್ತದೆ, ಕೆಲವೇ ಮೈಕ್ರೋವೋಲ್ಟ್. ಅದನ್ನು ಹಿಡಿಯುವುದೆಲ್ಲಿ? ನಮ್ಮ ಅನ್ನನಾಳ ಆ ವಪೆಯನ್ನು ತೂರಿಕೊಂಡೇ ಹೊಟ್ಟೆಗಿಳಿಯುತ್ತದಲ್ಲ! ಕೂಸಿಗೆ ಹಾಲು ಕೊಡಲು ಮೂಗಿನಿಂದ ಹೇಗೂ ಒಂದು ಸಪೂರ ನಳಿಕೆ ಇಳಿಸುತ್ತಾರೆ. ಅದೇ ನಳಿಕೆಯಲ್ಲಿ ಸಾಲಾಗಿ ಎಲೆಕ್ಟ್ರೋಡುಗಳನ್ನು ಕೂರಿಸಿದರಾಯಿತು. ಹಾಲೂ ಹೋಯಿತು, ಸುದ್ದಿಯೂ ಬಂತು!

ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯುವ ಬಗೆ ಇನ್ನೂ ಚೆಂದ. ಹೃದಯದ ಮಿಡಿತವೂ ಅದೇ ಎಲೆಕ್ಟ್ರೋಡುಗಳಿಗೆ ಕೇಳುತ್ತದೆ. ಇಸಿಜಿಯ 'ಪಿ' ಅಲೆ ಪರದೆಯ ಎಲ್ಲಕ್ಕೂ ಮೇಲಿನ ಗೆರೆಯಲ್ಲಿ ಎದ್ದು ಕಂಡು, ಕೆಳಗಿನ ಗೆರೆಗಳಿಗೆ ಇಳಿದಂತೆ ಕರಗಿಹೋದರೆ ಜಾಗ ಸರಿ ಎಂದರ್ಥ. ಹೃದಯವೇ ಇಲ್ಲಿ ಮೈಲಿಗಲ್ಲು.

ನಾವಾ ಎಂದು ಕರೆಯುವ ಈ ಪದ್ಧತಿಯಲ್ಲಿ ಯಂತ್ರ 16 ಮಿಲಿಸೆಕೆಂಡಿಗೊಮ್ಮೆ ವಪೆಯನ್ನು ವಿಚಾರಿಸುತ್ತದೆ. ಸಂಕೇತ ಜೋರಾದರೆ ಆಸರೆಯ ಒತ್ತಡ ಏರುತ್ತದೆ, ಮೆಲ್ಲಗಾದರೆ ಇಳಿಯುತ್ತದೆ. ಕೊಳವೆಯ ಸುತ್ತ ಗಾಳಿ ಸೋರಿದರೂ ಕೇಳುವ ಕಿವಿ ಕೆಡುವುದಿಲ್ಲ. ಇದರಿಂದ ಹೆಚ್ಚು ಕೂಸುಗಳು ಬದುಕುತ್ತವೆ ಎಂಬುದು ಇನ್ನೂ ಸಾಬೀತಾಗಿಲ್ಲ, ನಳಿಕೆಯ ಬೆಲೆಯೂ ಕಡಿಮೆಯಲ್ಲ. ಆದರೆ ಯಂತ್ರ ಮಗುವಿನ ತಾಳಕ್ಕೆ ಹೆಜ್ಜೆ ಹಾಕುವುದು ದಿಟ.

ದಿನ ತುಂಬದ ಕೂಸುಗಳು ಆಗಾಗ ಉಸಿರಾಡುವುದನ್ನೇ ಮರೆಯುತ್ತವೆ. ಆಗ ಯಂತ್ರ ವೈದ್ಯರು ಗೊತ್ತುಮಾಡಿದ ಕೆಲವು ಸೆಕೆಂಡು ಕಾದು, ತಾನೇ ಉಸಿರು ತುಂಬುತ್ತದೆ. ವಪೆ ಮತ್ತೆ ಮಿಡಿದೊಡನೆ ಹಿಂದೆ ಸರಿದು, ಲಗಾಮನ್ನು ಮಗುವಿನ ಕೈಗೇ ಕೊಡುತ್ತದೆ.