ಹಳೆಯ ಬಹುಸಂಸ್ಕಾರಕ ಸರ್ವರ್‌ಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯ ಅನುಸ್ಥಾಪನೆ

ಬಹುಸಂಸ್ಕಾರಕ ಸರ್ವರ್ ಎಂದರೆ ಎರಡು ಅಥವಾ ಹೆಚ್ಚು ಪ್ರೊಸೆಸರ್‌ಗಳು ಒಂದೇ ಸ್ಮೃತಿಯನ್ನು ಹಂಚಿಕೊಂಡು ಕೆಲಸ ಮಾಡುವ ಗಣಕಯಂತ್ರ. ಇಂತಹ ಹಳೆಯ ಯಂತ್ರಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಅನುಸ್ಥಾಪಿಸುವಾಗ ಆರಂಭದಲ್ಲಿಯೇ ಯಂತ್ರ ಸ್ತಬ್ಧವಾಗುವುದು, ಡಿಸ್ಕ್ ಕಾಣದಿರುವುದು, ಒಂದೇ ಪ್ರೊಸೆಸರ್ ಗುರುತಿಸಲ್ಪಡುವುದು ಮುಂತಾದ ತೊಡಕುಗಳು ಉಂಟಾಗುತ್ತವೆ. ಇವೆಲ್ಲವೂ ಯಂತ್ರಾಂಶದ ದೋಷಗಳಲ್ಲ. ಆದುದರಿಂದ ಕಾರಣವನ್ನು ಕ್ರಮವಾಗಿ ಪರಿಶೀಲಿಸದೆ ಯಂತ್ರವನ್ನು ಗುಜರಿಗೆ ಹಾಕುವುದು ಉಚಿತವಲ್ಲ.

ಹಿನ್ನೆಲೆ

ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ಸಾಮಾನ್ಯ ಸರ್ವರ್‌ಗಳಿಗಾಗಿ ಇಂಟೆಲ್ 1994ರಲ್ಲಿ ಬಹುಸಂಸ್ಕಾರಕ ನಿರ್ದಿಷ್ಟತೆಯೊಂದನ್ನು ಪ್ರಕಟಿಸಿತು. ಅದರಂತೆ ಪ್ರೊಸೆಸರ್‌ಗಳ ವಿವರಪಟ್ಟಿಯನ್ನು ಬಯೋಸ್ ಒದಗಿಸುತ್ತದೆ. 1996ರಲ್ಲಿ ಬಂದ ಎಸಿಪಿಐ ಮಾನಕವು ಕ್ರಮೇಣ ಇದರ ಸ್ಥಾನವನ್ನು ಪಡೆಯಿತು. ಲಿನಕ್ಸ್ 2.0 ಕರ್ನಲ್ ಬಹುಸಂಸ್ಕಾರಕ ಬೆಂಬಲದೊಂದಿಗೆ ಬಿಡುಗಡೆಯಾದುದೂ 1996ರಲ್ಲಿಯೇ. ಬಯೋಸ್‌ನ ಪಟ್ಟಿಯಲ್ಲಿ ತಪ್ಪಿದ್ದರೆ ಅದನ್ನು ನಂಬಿ ಮುಂದುವರಿಯುವ ಕರ್ನಲ್ ಆರಂಭದಲ್ಲಿಯೇ ನಿಂತುಬಿಡಬಹುದು.

ಪೂರ್ವಸಿದ್ಧತೆ

ಡಿಸ್ಕ್‌ಗಳಲ್ಲಿರುವ ದತ್ತಾಂಶವನ್ನು ಮೊದಲು ಬೇರೆಡೆ ನಕಲಿಸಿಕೊಳ್ಳಬೇಕು. ರೇಡ್ ನಿಯಂತ್ರಕದ ವಿನ್ಯಾಸವನ್ನು ಅಳಿಸಿ ಹೊಸದಾಗಿ ರಚಿಸಿದರೆ ಹಳೆಯ ಕಡತಗಳು ಮರಳಿ ದೊರೆಯದೆ ಹೋಗಬಹುದು. ಬಯೋಸ್‌ನ ದಿನಾಂಕ ತಪ್ಪಾಗಿದ್ದರೆ ಮದರ್‌ಬೋರ್ಡ್‌ನ ಬ್ಯಾಟರಿ ಬದಲಿಸಬೇಕು. ಮೆಮ್‌ಟೆಸ್ಟ್ ತಂತ್ರಾಂಶದಿಂದ ಸ್ಮೃತಿಯನ್ನು ಪರೀಕ್ಷಿಸಬೇಕು.

ದೋಷಪತ್ತೆಯ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಮೂಲನಿಯಮ. ಲಿನಕ್ಸ್ ಆಗಿದ್ದಲ್ಲಿ ಆರಂಭಿಕ ಆದೇಶಸಾಲಿಗೆ ಮೊದಲು ‘ಮ್ಯಾಕ್ಸ್‌ಸಿಪಿಯುಸ್=1’ ಎಂಬ ಸೂಚನೆಯನ್ನು ಸೇರಿಸಬೇಕು. ಆಗ ಯಂತ್ರ ಆರಂಭವಾದರೆ ತೊಡಕು ಎರಡನೆಯ ಪ್ರೊಸೆಸರ್‌ನ ಚಾಲನೆಗೆ ಸಂಬಂಧಿಸಿದೆ ಎಂದು ಊಹಿಸಬಹುದು. ಆಗಲೂ ನಿಂತರೆ, ಆ ಸೂಚನೆಯನ್ನು ತೆಗೆದು ‘ನೋಎಪಿಕ್’ ಪ್ರಯೋಗಿಸಬೇಕು. ಇದರಿಂದ ಸರಿಹೋದರೆ ಅಡಚಣೆ ಸಂಕೇತಗಳ ಹಂಚಿಕೆಯಲ್ಲಿ ದೋಷವಿದೆ. ಕೊನೆಯದಾಗಿ ‘ಎಸಿಪಿಐ=ಆಫ್’ ಸೂಚನೆ. ಇದು ಫಲಿಸಿದರೆ ಬಯೋಸ್‌ನ ಎಸಿಪಿಐ ಪಟ್ಟಿಯೇ ಸಂಶಯಾಸ್ಪದ. ತಯಾರಕರ ಹೊಸ ಬಯೋಸ್ ದೊರೆತರೆ ಅಳವಡಿಸುವುದು ಶಾಶ್ವತ ಪರಿಹಾರ.

ಪ್ರೊಸೆಸರ್ ಒಂದನ್ನು ತೆಗೆದು ಪರೀಕ್ಷಿಸುವಾಗ ಎರಡು ಎಚ್ಚರಿಕೆಗಳು ಅಗತ್ಯ. ಪೆಂಟಿಯಂ 2 ಮತ್ತು 3ರ ಕಾಲದ ಸ್ಲಾಟ್ ಮಾದರಿಯ ಹಲವು ಯಂತ್ರಗಳಲ್ಲಿ ಖಾಲಿ ಸ್ಲಾಟಿಗೆ ಟರ್ಮಿನೇಟರ್ ಕಾರ್ಡ್ ಹಾಕಬೇಕು. 2003ರ ಆಪ್ಟೆರಾನ್ ಹಾಗೂ 2009ರ ಜಿಯಾನ್ 5500 ಸರಣಿಗಳಲ್ಲಿ ಸ್ಮೃತಿ ನಿಯಂತ್ರಕವು ಪ್ರೊಸೆಸರ್‌ನೊಳಗೇ ಇರುವುದರಿಂದ, ತೆಗೆದ ಪ್ರೊಸೆಸರ್‌ಗೆ ಸೇರಿದ ಸ್ಮೃತಿಯೂ ಕಾಣಿಸುವುದಿಲ್ಲ.

ಡಿಸ್ಕ್ ಮತ್ತು ಆವೃತ್ತಿ

ಡಿಸ್ಕ್ ಕಾಣದಿದ್ದರೆ ನಿಯಂತ್ರಕದ ಚಾಲಕ ತಂತ್ರಾಂಶ ಇಲ್ಲದಿರುವ ಸಾಧ್ಯತೆಯಿದೆ. ವಿಂಡೋಸ್ 2000 ಮತ್ತು 2003ರಲ್ಲಿ ಅನುಸ್ಥಾಪನೆಯ ಆರಂಭದಲ್ಲಿ ಎಫ್6 ಕೀಲಿಯನ್ನು ಒತ್ತಿ ಅದನ್ನು ಫ್ಲಾಪಿಯಿಂದ ಒದಗಿಸಬೇಕಿತ್ತು. ಆವೃತ್ತಿಯ ಆಯ್ಕೆಯೂ ಮುಖ್ಯ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಹಲವು ಹಳೆಯ ನಿಯಂತ್ರಕಗಳ ಬೆಂಬಲವನ್ನು ಕೈಬಿಟ್ಟಿದೆ. 2025ರ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಅನುಸ್ಥಾಪಕವಿಲ್ಲ. ಭದ್ರತಾ ಪರಿಷ್ಕರಣೆ ನಿಂತ ಆವೃತ್ತಿಯನ್ನೇ ಬಳಸಬೇಕಾದಲ್ಲಿ ಆ ಯಂತ್ರವನ್ನು ಅಂತರಜಾಲಕ್ಕೆ ಸಂಪರ್ಕಿಸದಿರುವುದು ಕ್ಷೇಮ.